ಕಾಗೆ ಬಾರದ ಕಿಟಕಿ

ಗೋಡೆಯ ಆಚೆಯಿಂದ ಬರುತ್ತಿದ್ದ ಸದ್ದು ಮಗಳ ಎದೆಯದೋ, ಹೊರಗಿನ ಪಾರಿವಾಳದ್ದೋ ಎಂಬುದು ಜ್ಯೋತ್ಸ್ನಾಳಿಗೆ ಇವತ್ತೂ ತಿಳಿಯಲಿಲ್ಲ. ಅಡುಗೆಮನೆಯ ನಡುವೆ ಸೌಟು ಹಿಡಿದು ನಿಂತು ಕೇಳಿದಳು. ಗುರ್ ಎನ್ನುವುದು, ಸ್ವಲ್ಪ ತಡೆದು ಎಳೆಯುವುದು, ಮತ್ತೆ ಗುರ್. ಪಾರಿವಾಳ ಇಷ್ಟು ತಡೆಯುವುದಿಲ್ಲ ಎಂದು ಒಮ್ಮೆ ಅನ್ನಿಸಿತು. ಮಗಳಾದರೆ ಹೀಗೆ ಒಂದೇ ಸಮನೆ ಎಳೆಯುವುದಿಲ್ಲ ಎಂದು ಇನ್ನೊಮ್ಮೆ. ಪಕ್ಕದ ಕೋಣೆಗೆ ಹೋಗಿ ನೋಡಿದರೆ ತಿಳಿಯುತ್ತದೆ. ಆದರೆ ತಿಳಿದ ಮೇಲೆ ಅದನ್ನು ಹೊತ್ತುಕೊಂಡು ಬೆಳಗಿನ ಕೆಲಸ ಮಾಡಬೇಕು, ಅದಕ್ಕೆ ಬೇಕಾದ ಶಕ್ತಿ ಕಾಲಲ್ಲಿ ಇರಲಿಲ್ಲ. ಒಲೆಯ ಮೇಲೆ ಕುಚ್ಚಲಕ್ಕಿ ಆಗಷ್ಟೇ ಅರಳಿತ್ತು. ಸೌಟಿನ ತುದಿಯಲ್ಲಿ ಒಂದು ಹಿಡಿ ಅನ್ನ ತೆಗೆದು, ಗಂಜಿ ಸೋಸಿ, ಅಂಗೈಯಲ್ಲಿ ಆರಿಸಿಕೊಂಡು ಕಿಟಕಿಯ ಸರಳಿನ ಸಂದಿಯಲ್ಲಿ ಕೈ ತೂರಿಸಿದಳು. ಹೊರಗೆ ಸಿಮೆಂಟಿನ ಸಜ್ಜ. ಅದು ಅಡುಗೆಮನೆಯ ಕಿಟಕಿಯಿಂದ ಹೊರಟು ಮಗಳ ಕೋಣೆಯ ಕಿಟಕಿಯ ಕೆಳಗಿನವರೆಗೂ ಓಡುತ್ತದೆ, ನಡುವೆ ಏಸಿಯ ಪೆಟ್ಟಿಗೆ. ಕೈ ಹೊರಗೆ ಬಂದದ್ದೇ ರೆಕ್ಕೆಗಳು ಪಟಪಟ ಎಂದವು. ಬೆರಳಿಗೆ ಒಂದು ಗರಿ ಅಂಟಿಕೊಂಡಿತು. ಕೆಳಗೆ, ತುಂಬ ಕೆಳಗೆ, ಘೋಡಬಂದರ್ ರಸ್ತೆಯಲ್ಲಿ ಲಾರಿಗಳು ಒಂದನ್ನೊಂದು ಬಯ್ಯುತ್ತಿದ್ದವು. ಮಾಮಿ, ಎಂದಳು ಮನಸ್ಸಿನಲ್ಲಿ. ತೀರಿಹೋದ ಅತ್ತೆ ಬಾಗಿ, ಮದುವೆಯಾಗಿ ಬಂದಾಗಿನಿಂದ ಅವರನ್ನು ಹಾಗೇ ಕರೆದದ್ದು. ಇನ್ನೇನೂ ಹೇಳಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿದು ಬಹಳ ಕಾಲವಾಗಿತ್ತು.

ಅನ್ನವನ್ನು ಕಾಗೆ ಮುಟ್ಟಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ. ಮಾಮಿಯ ಬೊಜ್ಜದ ದಿನ, ಉತ್ತರಕ್ರಿಯೆಗೆಂದು, ಖಾಡಿಯ ಹಿನ್ನೀರಿನ ದಂಡೆಯಲ್ಲಿ ಬಾಳೆಲೆ ಹಾಕಿ, ಅನ್ನ, ತೊವ್ವೆ, ಮೀನಿನ ಸಾರು, ಅವರು ತಿನ್ನುತ್ತಿದ್ದ ಎಲೆಯಡಿಕೆ ಎಲ್ಲ ಇಟ್ಟು, ಬಂಧುಗಳು ದೂರ ಸರಿದು ನಿಂತಿದ್ದರು. ಕಾಗೆಗಳು ಇರಲಿಲ್ಲ ಎಂದಲ್ಲ. ಬೇಲಿಯ ಮೇಲೆ ಸಾಲಾಗಿ ಕುಳಿತಿದ್ದವು. ಒಂದಂತೂ ಇಳಿದು ಎಲೆಯ ಅಂಚಿನವರೆಗೆ ನಡೆದು ಬಂದು, ಕತ್ತು ವಾರೆ ಮಾಡಿ ನೋಡಿ, ಮರಳಿತು. ಬೇಡ ಎಂದ ಹಾಗಿತ್ತು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ಕೂಗಿ ಹೇಳತೊಡಗಿದರು. ದೊಡ್ಡ ಮೈದುನ, ಅಮ್ಮಾ, ಊರಿನ ದೈವದ ಕೆಲಸ ನಾನು ನಡೆಸಿಕೊಂಡು ಹೋಗ್ತೇನೆ, ಅಂದರು. ನಾದಿನಿ, ನಿನ್ನ ಕರಿಮಣಿ ನಾನು ಕೇಳುವುದಿಲ್ಲ, ಅತ್ತಿಗೆಗೇ ಇರಲಿ, ಅಂದಳು. ಗಂಡ ಸರ್ವೋತ್ತಮ ಏನೂ ಹೇಳದೆ ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದ. ಯಾರ ಮಾತಿಗೂ ಕಾಗೆ ಇಳಿಯಲಿಲ್ಲ. ಏನೋ ಆಸೆ ಉಳಿದಿದೆ, ಏನು ಅಂತ ನೆನಪು ಮಾಡಿಕೊಳ್ಳಿ, ಎಂದು ಯಾರೋ ಹಿಂದಿನಿಂದ ಅಂದರು. ಜ್ಯೋತ್ಸ್ನಾಳಿಗೆ ನೆನಪು ಮಾಡಿಕೊಳ್ಳುವ ಅಗತ್ಯವಿರಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡು, ಯಾರನ್ನೂ ನೋಡದೆ ನಿಂತಿದ್ದಳು. ಬಿಸಿಲು ಏರಿತು. ಮರಾಠಿ ಭಟ್ಟರಿಗೆ ಇನ್ನೊಂದು ಕಡೆ ಹೋಗಲಿಕ್ಕಿತ್ತು. ಅವರು ದರ್ಭೆಯಲ್ಲಿ ಒಂದು ಕಾಗೆಯಂತಹದನ್ನು ಕಟ್ಟಿ ಅದರ ಮೂತಿಯನ್ನು ಅನ್ನಕ್ಕೆ ಮುಟ್ಟಿಸಿ, "ಝಾಲಾ" ಎಂದರು. ಆಯಿತು ಎಂದು. ಎಲ್ಲರೂ ಬಸ್ಸು ಹತ್ತಿದರು. ಹುಲ್ಲಿನ ಕಾಗೆ ಅನ್ನದ ಮೇಲೇ ಮಗುಚಿ ಬಿದ್ದಿತ್ತು. ಅದನ್ನು ನೋಡಿದವಳು ಅವಳೊಬ್ಬಳೇ.

ಉಳಿದ ಆಸೆ ಇಷ್ಟೇ. ಕೊನೆಯ ದಿನಗಳಲ್ಲಿ ಮಾಮಿಗೆ ಕುಚ್ಚಲಕ್ಕಿಯ ಗಂಜಿ ಬೇಕಾಗಿತ್ತು. ಅದು ಬೇಯಲು ಹೊತ್ತು ಬೇಕು, ಮಧ್ಯೆ ಮಧ್ಯೆ ನೀರು ನೋಡಬೇಕು. ಬೆಳಗ್ಗೆ ಠಾಣೆ ಸ್ಟೇಷನ್ನಿಗೆ ಓಡಿ ರಬಾಳೆಯ ಕಂಪನಿಯ ಗೇಟು ಮುಟ್ಟುವವಳಿಗೆ ಎಲ್ಲಿ ಹೊತ್ತು? ಕುಕ್ಕರಿನಲ್ಲಿ ಬೇಗ ಬೇಯುವ ಬಿಳಿಯ ಬೆಳ್ತಿಗೆ ಅನ್ನ ಕೂಗಿಸಿ, ಬಿಸಿನೀರು ಹಾಕಿ ಕಿವುಚಿ ಕೊಟ್ಟಿದ್ದಳು. ಮಾಮಿ ಬಟ್ಟಲು ನೋಡಿ, "ಇದು ರೋಗಿಗಳ ಅನ್ನ," ಎಂದು ಸರಿಸಿದ್ದರು. ತಾನು ರೋಗಿ ಅಲ್ಲ ಎಂಬುದೇ ಅವರ ಕೊನೆಯ ಹಟ. "ಮತ್ತೆ ನೀವೆಂತ ಪೈಲ್ವಾನರಾ ಮಾಮಿ? ಆದಿತ್ಯವಾರ ಮಾಡಿ ಕೊಡ್ತೇನೆ," ಅಂದಿದ್ದಳು ಜ್ಯೋತ್ಸ್ನಾ, ಚಪ್ಪಲಿ ಹಾಕಿಕೊಳ್ಳುತ್ತ. ನಗಿಸಲಿಕ್ಕೆಂದು ಅಂದದ್ದು. ಮಾಮಿ ನಗಲಿಲ್ಲ. ಆದಿತ್ಯವಾರ ಬರಲಿಲ್ಲ.

ಡೊಂಬಿವಲಿಯ ಹಳೆಯ ಮನೆಯಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅಲ್ಲಿ ಎರಡನೇ ಮಾಳಿಗೆಯ ಗ್ಯಾಲರಿಗೆ ಕಾಗೆಗಳು ಮನೆಯವರ ಹಾಗೆ ಬರುತ್ತಿದ್ದವು, ಒಣಗಿಸಿದ ಸಂಡಿಗೆಯನ್ನು ಎತ್ತುತ್ತಿದ್ದವು, ಮಾಮಿ ಹಿಡಿಸೂಡಿ ಬೀಸಿ, "ಹೋಗು, ನಿನ್ನ ಅಜ್ಜನ ಗಂಟಾ?" ಎಂದು ಅವುಗಳ ಜೊತೆ ಜಗಳವಾಡುತ್ತಿದ್ದರು. ಈ ಟವರಿಗೆ ಬಂದ ದಿನ ಕಿಟಕಿಯಿಂದ ಕೆಳಗೆ ನೋಡಿ ಅವರು ಅಂದದ್ದು, "ಹಕ್ಕಿಗೂ ಏದುಸಿರು ಬರುವಷ್ಟು ಮೇಲೆ ಮನೆ ಮಾಡಿದ್ದೀರಲ್ಲ." ಲಿಫ್ಟೆಂದರೆ ಅವರಿಗೆ ಆಗುತ್ತಿರಲಿಲ್ಲ, ಬಾಗಿಲು ಮುಚ್ಚಿದ ಕೂಡಲೇ ಗೋಡೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ಸತ್ತ ಮೇಲೆ ಅವರನ್ನು ಇಳಿಸಿದ್ದೂ ಅದರಲ್ಲೇ, ಕುರ್ಚಿಯಲ್ಲಿ ಕೂರಿಸಿ. ಬೊಜ್ಜ ಮುಗಿದ ಮಾರನೆಯ ಬೆಳಗ್ಗೆ ಜ್ಯೋತ್ಸ್ನಾ ನೌಪಾಡಾದ ಅಂಗಡಿಯಿಂದ ತರಿಸಿದ ಕುಚ್ಚಲಕ್ಕಿ ಬೇಯಿಸಿ, ಎಲ್ಲರೂ ಏಳುವ ಮೊದಲು ಮೊದಲ ಹಿಡಿಯನ್ನು ಸಜ್ಜದ ಮೇಲೆ ಇಟ್ಟಳು. ಒಂದು ಕಾಗೆ ಬಂದು ಮುಟ್ಟಿದರೆ ಸಾಕು, ಮುಗಿಯಿತು ಎಂದುಕೊಂಡಿದ್ದಳು. ಬಂದದ್ದು ಪಾರಿವಾಳ. ಇರಲಿ, ಇವು ತಿನ್ನುವುದನ್ನು ನೋಡಿಯಾದರೂ ಒಂದು ಕಾಗೆ ಬಂದೀತು ಎಂದುಕೊಂಡಳು. ಮರುದಿನ ಎರಡು ಬಂದವು. ಆಮೇಲೆ ಎಣಿಸುವುದನ್ನು ಬಿಟ್ಟಳು. ಉಳಿದ ಅನ್ನ ತನ್ನ ಡಬ್ಬಕ್ಕೆ. ಇವಳಿಗೆ ಈ ವಯಸ್ಸಿನಲ್ಲಿ ಊರಿನ ರುಚಿ ಹತ್ತಿತು ಎಂದು ಸರ್ವೋತ್ತಮ ತಮಾಷೆ ಮಾಡಿದ್ದ.

ಮಗಳು ನಿಶ್ಮಿತಾ ಅಜ್ಜಿಯ ಕೋಣೆಗೆ ಹೋದದ್ದು ಆ ಬೇಸಗೆಯಲ್ಲಿ. ಹತ್ತನೆಯ ಕ್ಲಾಸು, ಓದಲಿಕ್ಕೆ ಬೇರೆ ಕೋಣೆ ಬೇಕು. ಮಳೆ ನಿಂತ ಮೇಲೆ ಕೆಮ್ಮು ಬಂತು, ಕೆಮ್ಮು ಹೋಗಿ ಸೀಟಿ ಬಂತು. ನೌಪಾಡಾದ ಡಾಕ್ಟರು ಬೆನ್ನಿಗೆ ಸ್ಟೆತೊಸ್ಕೋಪು ಒತ್ತಿ, ಉಸಿರು ಎಳೆ ಬಿಡು ಅನ್ನುತ್ತ, ಇದು ಹವೆಯದ್ದಲ್ಲ, ಮನೆಯೊಳಗಿನದ್ದು ಅಂದರು. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ, ಗೋಡೆಯಲ್ಲಿ ಬೂಸ್ಟು, ಸಿಂಕಿನ ಕೆಳಗೆ ಜಿರಲೆ, ಒಂದೊಂದನ್ನೇ ಕಡಿಮೆ ಮಾಡುತ್ತ ಬನ್ನಿ. ಜ್ಯೋತ್ಸ್ನಾ ಕಡಿಮೆ ಮಾಡುತ್ತ ಬಂದಳು. ಹಾಸಿಗೆಗೂ ದಿಂಬಿಗೂ ಜಿಪ್ಪಿನ ಚೀಲ ತೊಡಿಸಿದಳು. ಮಗಳು ಹೊರಳಿದಾಗೆಲ್ಲ ಅದು ಚರಚರ ಎನ್ನುತ್ತಿತ್ತು. ಚಾದರಗಳನ್ನು ವಾರವಾರ ಕುದಿಯುವ ನೀರಿಗೆ ಹಾಕಿದಳು. ಪರದೆ ಹೋಯಿತು, ಹಾಲಿನ ಜಮಖಾನ ಹೋಯಿತು, ಮಗಳು ಚಿಕ್ಕಂದಿನಿಂದ ತಬ್ಬಿ ಮಲಗುತ್ತಿದ್ದ ಕರಡಿ ಗೋಣಿಚೀಲ ಸೇರಿತು. ಬಚ್ಚಲಿನ ಪಕ್ಕದ ಗೋಡೆಯ ಕಪ್ಪನ್ನು ಕೆರೆಸಿ ಬಣ್ಣ ಹೊಡೆಸಿದಳು. ದೇವರ ಮುಂದೆ ಊದುಬತ್ತಿ ನಿಂತಿತು, ದೀಪ ಮಾತ್ರ. ಪೊರಕೆಯ ಬದಲು ಒದ್ದೆ ಬಟ್ಟೆ. ರಾತ್ರಿ ಸಿಂಕಿನಲ್ಲಿ ಒಂದು ತಟ್ಟೆ ಬಿಡುವ ಹಾಗಿಲ್ಲ. "ಇದು ಮನೆಯಾ, ಲಾಡ್ಜಾ ಮಾರಾಯ್ತಿ?" ಎಂದು ಸರ್ವೋತ್ತಮ ಕೇಳಿದ, ಬರಿಯ ಕಿಟಕಿಗಳನ್ನು ನೋಡುತ್ತ. ನೌಪಾಡಾದಲ್ಲಿ ಹೋಟೆಲು ನಡೆಸುವವನು, ದಿನವಿಡೀ ಒರೆಸಿದ್ದನ್ನೇ ಒರೆಸುವುದನ್ನು ನೋಡಿ ಬರುವವನು, ಅವನಿಗೆ ಮನೆಯಲ್ಲಾದರೂ ಸ್ವಲ್ಪ ಕೊಳೆ ಬೇಕಾಗಿತ್ತೇನೋ. ಎರಡನೇ ಸಲ ಹೋದಾಗ ಡಾಕ್ಟರು, "ಘರ್ ಕೇ ಪಾಸ್ ಕಬೂತರ್ ಹೈ?" ಎಂದು ಕೇಳಿದರು, ಬರೆಯುತ್ತಲೇ. ಪಾರಿವಾಳದ ಹಿಕ್ಕೆ ಒಣಗಿ ಧೂಳಾಗಿ ಕಿಟಕಿಯಿಂದ ಒಳಗೆ ಬರುತ್ತದೆ, ಗರಿಯ ಪುಡಿಯೂ, ಅದು ಎಲ್ಲಕ್ಕಿಂತ ಕೆಟ್ಟದ್ದು. "ಠಾಣೆಯಲ್ಲಿ ಎಲ್ಲ ಕಡೆ ಇದೆಯಲ್ಲ ಡಾಕ್ಟರ್," ಅಂದಳು ಜ್ಯೋತ್ಸ್ನಾ. ಸುಳ್ಳಲ್ಲ. ಡಾಕ್ಟರೂ ಹೌದೆಂದು ನಕ್ಕರು. ಆ ನಗುವನ್ನು ಅವಳು ರಿಕ್ಷಾದಲ್ಲಿ ಮನೆಯವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದಳು, ಚೆಲ್ಲಬಾರದ ಪಾತ್ರೆಯ ಹಾಗೆ.

ಮಾರನೆಯ ಬೆಳಗ್ಗೆ ಅನ್ನ ಇಡಲಿಲ್ಲ. ನಿಲ್ಲಿಸಿಯೇಬಿಟ್ಟೆ ಎಂದುಕೊಂಡಳು. ಅಭ್ಯಾಸವಾದ ಪಾರಿವಾಳಗಳು ಕಿಟಕಿಯ ಸರಳಿಗೇ ಬಂದು ಬಡಿದವು, ಒಂದರ ಮೇಲೊಂದು ಬಿದ್ದು ರೆಕ್ಕೆ ಕೊಡವಿದವು, ಸಜ್ಜದ ಮೇಲೆ ಒಣಗಿದ್ದೆಲ್ಲ ಹಾರಿತು. ಅವತ್ತೇ ಸಂಜೆ ನಿಶ್ಮಿತಾ ಉಸಿರು ಸಿಗದೆ, ತುಟಿ ನೀಲಿಯಾಗಿ, ಸೋಫಾದ ತೋಳನ್ನು ಹಿಡಿದು ಬಗ್ಗಿಬಿಟ್ಟಳು. ಆಸ್ಪತ್ರೆಯಲ್ಲಿ ಹೊಗೆಯ ಹಾಗಿನ ಔಷಧದ ಮುಖವಾಡ ಹಾಕಿಸಿಕೊಂಡು ಕುಳಿತ ಮಗಳ ಬೆನ್ನು ಸವರುತ್ತ ಜ್ಯೋತ್ಸ್ನಾಳಿಗೆ ಹೊಳೆದದ್ದು ಧೂಳಲ್ಲ. ಮಾಮಿಗೆ ಸಿಟ್ಟು ಬಂದಿದೆ ಎಂಬುದು. ಅಷ್ಟು ಬೇಗ, ಅಷ್ಟು ಸಲೀಸಾಗಿ ಹೊಳೆಯಿತು. ಮರುದಿನದಿಂದ ಒಂದು ಹಿಡಿಯ ಬದಲು ಎರಡು ಹಿಡಿ. ಮಗಳಿಗೆ ಸೀಟಿ ಹೆಚ್ಚಾದ ದಿನ ಇನ್ನೂ ಸ್ವಲ್ಪ. ಇಡುವಾಗ ಬೇಡಿಕೊಳ್ಳುತ್ತಿದ್ದಳು, ಇವಳ ಉಸಿರು ಬಿಡಿಸಿ ಮಾಮಿ, ನನ್ನ ಮೇಲಿನದ್ದನ್ನು ಇವಳ ಮೇಲೆ ತೀರಿಸಬೇಡಿ. ರೈಲಿನಲ್ಲಿ ಐರೋಲಿ ದಾಟುವಾಗ ಒಮ್ಮೊಮ್ಮೆ ಬುದ್ಧಿ ನೆಟ್ಟಗಾಗುತ್ತಿತ್ತು. ಏನು ಮಾಡುತ್ತಿದ್ದೇನೆ ನಾನು ಎಂದು ಎದುರಿನ ಹೆಂಗಸಿನ ಮುಖ ನೋಡುತ್ತ ಕೇಳಿಕೊಳ್ಳುತ್ತಿದ್ದಳು. ಬೆಳಗಾದರೆ ಕೈ ತಾನಾಗಿ ಸರಳಿನ ಆಚೆ ಹೋಗುತ್ತಿತ್ತು.

ಆರೋಪ ಹೋಗಿ ಬಿದ್ದದ್ದು ಮೇಲಿನ ಮನೆಯ ಕಾಂತಾಬೆನ್ ಮೇಲೆ. ಒಂಟಿ ಮುದುಕಿ, ಹಿಂದೆ ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದವರು. ಸರ್ವೋತ್ತಮ ಸಜ್ಜದ ಹಿಕ್ಕೆಯ ಫೋಟೋ ತೆಗೆದು ಸೊಸೈಟಿಯ ಗ್ರೂಪಿಗೆ ಹಾಕಿದ, ನನ್ನ ಮಗಳು ಆಸ್ಪತ್ರೆ ಸೇರುವ ಹಾಗಾಯಿತು ಎಂದು ಬರೆದ. ಸೆಕ್ರೆಟರಿ ಮೇಲೆ ಹೋಗಿ ಜೋರು ಮಾಡಿ ಬಂದರಂತೆ. ಆಮೇಲೊಂದು ದಿನ ಲಿಫ್ಟಿನಲ್ಲಿ ಕಾಂತಾಬೆನ್ ಒಬ್ಬರೇ ಸಿಕ್ಕಿದರು, ಕೈಯಲ್ಲಿ ಮೆಂತ್ಯೆಸೊಪ್ಪಿನ ಚೀಲ. "ಮೈನೇ ತೋ ಕಬ್ ಕಾ ಬಂದ್ ಕಿಯಾ, ಬೇಟಾ. ಏಕ್ ದಾನಾ ನಹೀಂ ಡಾಲತೀ," ಅಂದರು, ಯಾವಾಗಲೋ ನಿಲ್ಲಿಸಿದೆ, ಒಂದು ಕಾಳೂ ಹಾಕುತ್ತಿಲ್ಲ ಎಂದು. ಜಗಳದ ದನಿಯಲ್ಲ. ನಂಬಿಸುವ ದನಿಯೂ ಅಲ್ಲ. ಜ್ಯೋತ್ಸ್ನಾ ಮಹಡಿಯ ನಂಬರು ಬದಲಾಗುವುದನ್ನು ನೋಡುತ್ತ ನಿಂತಳು. ಬಾಗಿಲು ತೆರೆದಾಗ ಹೊರಗೆ ಬಂದು, ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಬಗ್ಗಿ, ಲಿಫ್ಟು ಮೇಲೆ ಹೋಗುವವರೆಗೆ ಬಗ್ಗಿಯೇ ಇದ್ದಳು. ಈ ಕಾಂತಾಬೆನ್ ಮತ್ತು ಮಾಮಿ ಸಂಜೆ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಒಬ್ಬರಿಗೆ ತುಳು, ಒಬ್ಬರಿಗೆ ಗುಜರಾತಿ. ಅಷ್ಟು ಹೊತ್ತು ಏನು ಮಾತಾಡುತ್ತೀರಿ ಎಂದರೆ, "ಮೊಣಕಾಲಿಗೆ ಯಾವ ಭಾಷೆ?" ಅನ್ನುತ್ತಿದ್ದರು ಮಾಮಿ.

ಇವತ್ತು ಪಾರಿವಾಳ ಬಾರದ ಹಾಗೆ ಕಿಟಕಿಗಳಿಗೆ ಬಲೆ ಹಾಕುವವನು ಬರುತ್ತಾನೆ. ಅದಕ್ಕೆಂದೇ ರಜೆ ಹಾಕಿದ್ದಳು. ಸರ್ವೋತ್ತಮನೂ ಹೋಟೆಲಿಗೆ ತಡವಾಗಿ ಹೋಗುತ್ತೇನೆಂದು ಲುಂಗಿಯಲ್ಲೇ ಓಡಾಡುತ್ತಿದ್ದ. ನಿಶ್ಮಿತಾ ಶಾಲೆಗೆ ಹೋಗಿರಲಿಲ್ಲ. ಬೆಳಗ್ಗೆ ಇಟ್ಟ ಅನ್ನ ಇನ್ನೂ ಅಲ್ಲೇ ಇದ್ದೀತು ಎಂದು ಜ್ಯೋತ್ಸ್ನಾಳಿಗೆ ಹೊಳೆದದ್ದು ಕರೆಗಂಟೆ ಬಡಿದಾಗ. ಇದೇ ಕೊನೆಯ ಸಲ ಎಂದು ಇಟ್ಟಿದ್ದಳು. ಯಾರೂ ನೋಡುವ ಮೊದಲು ಪಾರಿವಾಳಗಳು ಮುಗಿಸಿರುತ್ತವೆ ಎಂದುಕೊಂಡಿದ್ದಳು. ಇವತ್ತು ಹಿಡಿ ದೊಡ್ಡದಾಗಿತ್ತು.

ಬಂದವನ ಹೆಗಲಲ್ಲಿ ಹಗ್ಗದ ಸುರುಳಿ, ಬಗಲಲ್ಲಿ ನೈಲಾನ್ ಬಲೆಯ ಕಟ್ಟು. ಸರ್ವೋತ್ತಮ ಹಿಂದಿಯಲ್ಲಿ ಮಾತು ಶುರು ಮಾಡಿ, ಒಳಗೆ ತಿರುಗಿ, "ಜ್ಯೋತ್ಸ್ನಾ, ಕೋಣೆಯ ಸಾಮಾನು ಸ್ವಲ್ಪ ಸರಿಸು," ಎಂದದ್ದೇ, ಬಂದವನ ಮುಖ ಅರಳಿತು.

"ಅರೇ, ನೀವು ಕನ್ನಡದವರೇನ್ರಿ? ನಾನೂ ನಿಮ್ಮವನ ರೀ. ಸೈದಪ್ಪ ಅಂತ. ಕಲಬುರ್ಗಿ ಕಡಿಯವ. ಕಲ್ಯಾಣದಾಗ ಇರ್ತೀನಿ."

"ನಮ್ಮ ಊರು ಉಡುಪಿ ಹತ್ರ."

"ಹೋಟೆಲ್ ಮಂದಿ ಅನ್ರಿ ಹಂಗಾರ."

"ಉಡುಪಿ ಅಂದ ಕೂಡಲೇ ಹೋಟೆಲಾ?" ಸರ್ವೋತ್ತಮ ನಕ್ಕ. "ಹ್ಞಾಂ, ಹೋಟೆಲೇ. ಕೆಲಸ ಮುಗಿಸಿ ನೌಪಾಡಾಕ್ಕೆ ಬಾ, ದೋಸೆ ತಿನ್ನಿಸ್ತೇನೆ."

"ದ್ವಾಸಿ ಬ್ಯಾಡ್ರಿ. ಎರಡು ದ್ವಾಸಿ ತಿಂದ್ರೂ ನಮ್ಮ ಹೊಟ್ಟಿ ಊಟ ಯಾವಾಗ ಅಂತ ಕೇಳ್ತದ."

ನಿಶ್ಮಿತಾ ಕೋಣೆಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಗುತ್ತಿದ್ದಳು. ನಗುವಿನ ಕೊನೆಯಲ್ಲಿ ಒಂದು ಸಣ್ಣ ಸೀಟಿ. ಬೆಳಗ್ಗೆ ಕೇಳಿದ್ದು ಇದೋ ಅದೋ ಎಂದು ಜ್ಯೋತ್ಸ್ನಾ ಮತ್ತೆ ಯೋಚಿಸಿದಳು. ಸೈದಪ್ಪ ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಒಳಗಿನ ಕಂಬಕ್ಕೆ ಕಟ್ಟಿ, ಹುಡುಗಿಯ ಕೋಣೆಯ ಸರಳಿಲ್ಲದ ಕಿಟಕಿಯಿಂದ ಒಂದು ಕಾಲು ಹೊರಗಿಟ್ಟ. ಪಾರಿವಾಳಗಳು ಒಮ್ಮೆಲೆ ಎದ್ದ ಸದ್ದು ಕೋಣೆಯನ್ನೆಲ್ಲ ತುಂಬಿತು. "ಮಗಳೇ, ನೀನು ಹಾಲಿಗೆ ಹೋಗು, ಬಾಗಿಲು ಹಾಕ್ಕೋ," ಎಂದು ಜ್ಯೋತ್ಸ್ನಾ ಕೂಗಿದಳು. ಒಂದು ಬಾಲ್ದಿ ನೀರು, ತೊಗಲಿನ ಹಾಗೆ ಗಡುಸಾದ ಹಳೆಯ ಬ್ರಶ್ಶು, ಮಗಳ ಡಬ್ಬಿಯಿಂದ ಒಂದು ಮಾಸ್ಕು ತಂದುಕೊಟ್ಟಳು. "ಒಣಗಿದ್ದನ್ನು ಹಾಗೇ ಕೆರೆಯಬೇಡಪ್ಪ. ನೀರು ಹಾಕಿ ನೆನೆಸು ಮೊದಲು. ನೀನೂ ಮೂಗಿಗೆ ಕಟ್ಟಿಕೋ." ದನಿ ಸರಿಯಾಗಿಯೇ ಬಂತು. ಮನೆ ನಡೆಸುವವಳ ದನಿ.

ಹೊರಗಿನಿಂದ ಸ್ವಲ್ಪ ಹೊತ್ತು ನೀರಿನ ಸದ್ದು. ಆಮೇಲೆ ಸೈದಪ್ಪನ ಮಾತು, ಮಾಸ್ಕಿನೊಳಗಿಂದ.

"ಅಕ್ಕಾರ, ಎಷ್ಟು ಬಲಿ ಹಾಕಿದ್ರೂ ಇವು ಹೋಗಂಗಿಲ್ಲ ನೋಡ್ರಿ. ಯಾರೋ ದಿನಾ ಊಟಕ್ಕ ಹಾಕ್ಯಾರ."

"ಮೇಲಿನವರು," ಎಂದ ಸರ್ವೋತ್ತಮ ಕಿಟಕಿಯ ಬಳಿ ಹೋಗುತ್ತ. "ಹೇಳಿ ಹೇಳಿ ಸಾಕಾಯ್ತು ಮಾರಾಯ. ಜೋಳ ಉಂಟಲ್ಲ?"

"ಜ್ವಾಳ ಅಲ್ರಿ. ಅನ್ನ. ಇವತ್ತಿಂದು, ಇನ್ನೂ ಹಸಿ ಐತಿ. ನೋಡ್ರಿಲ್ಲಿ."

ಅವನು ಒಂದು ತಗಡಿನ ತುಂಡಿನಲ್ಲಿ ಬಾಚಿ ಒಳಗೆ ಚಾಚಿದ. ಸರ್ವೋತ್ತಮ ಬಗ್ಗಿ ನೋಡಿದ. ಬೂದಿಬಣ್ಣದ ಹಿಕ್ಕೆಯ ನಡುವೆ, ಒದ್ದೆಯಾಗಿ, ದಪ್ಪದಪ್ಪನೆಯ ಅಗುಳು, ಮೈಮೇಲೆ ಕೆಂಪು ಗೀರು. ನೋಡುತ್ತಲೇ ಇದ್ದ. ಹೋಟೆಲಿನಲ್ಲಿ ಗಿರಾಕಿ ತಟ್ಟೆಯಲ್ಲಿ ಕೂದಲು ತೋರಿಸಿದಾಗಲೂ ಅವನು ಹೀಗೇ ಬಗ್ಗಿ ನೋಡುತ್ತಾನೆ, ಅವಳು ಕಂಡಿದ್ದಾಳೆ. ಆಗ ಅವನ ಬಾಯಿಂದ ಕೂಡಲೇ ಒಂದು ಮಾತು ಬರುತ್ತದೆ, ಬದಲು ತಟ್ಟೆ ಬರುತ್ತದೆ. ಈಗ ಏನೂ ಬರಲಿಲ್ಲ. ಜ್ಯೋತ್ಸ್ನಾ ಬಾಗಿಲ ಚೌಕಟ್ಟನ್ನು ಹಿಡಿದಿದ್ದಳು. ಈ ಇಡೀ ಟವರಿನಲ್ಲಿ ಈ ಅಕ್ಕಿ ಬೇಯುವುದು ಒಂದೇ ಒಲೆಯ ಮೇಲೆ. ಅಡುಗೆಮನೆಯಲ್ಲಿ ಅದರ ಪಾತ್ರೆ ಇನ್ನೂ ಬೆಚ್ಚಗಿತ್ತು, ಅದರ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು. ಅವನು ಅವಳ ಕಡೆ ತಿರುಗಲಿಲ್ಲ. "ಎಲ್ಲ ತೆಗೆದುಹಾಕು," ಎಂದ ಸೈದಪ್ಪನಿಗೆ, ಮೆಲ್ಲಗೆ. ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬಾಗಿಲನ್ನು ಎಂದಿನಂತೆ ಎಳೆಯಲಿಲ್ಲ, ಮೆತ್ತಗೆ ಒತ್ತಿ ಮುಚ್ಚಿದ. ಹೋಟೆಲಿಗೆ ಹೋದನೆಂದು ಅವಳು ಅಂದುಕೊಂಡಳು. ಆದರೆ ಬಾಗಿಲ ಗಾಜಿನಲ್ಲಿ ಕಣ್ಣಿಟ್ಟಾಗ ಲಿಫ್ಟಿನ ಬಾಣ ಮೇಲೆ ತೋರಿಸುತ್ತಿತ್ತು. ಗೊತ್ತಾಗಲಿಲ್ಲವೇ ಹಾಗಾದರೆ? ಆ ಮುದುಕಿಯ ಜೊತೆ ಇನ್ನೊಂದು ಸುತ್ತು ಜಗಳಕ್ಕೆ ಹೋದನೇ? ಹಿಂದೆಯೇ ಓಡಬೇಕು, ಮೆಟ್ಟಿಲು ಹತ್ತಿದರೆ ಒಂದೇ ಮಹಡಿ, ಹೋಗಿ ಅವನ ತೋಳು ಹಿಡಿದು ಎಳೆಯಬೇಕು. ಅವಳು ಅಲ್ಲೇ ನಿಂತಿದ್ದಳು. ಚಪ್ಪಲಿಯ ಹಲಗೆಯಲ್ಲಿ ಮಾಮಿಯ ನೀಲಿ ಹವಾಯಿ ಇನ್ನೂ ಇತ್ತು. ಧೂಳು ಕೂರಬಾರದೆಂದು ಅದನ್ನೂ ವಾರಕ್ಕೊಮ್ಮೆ ತೊಳೆದು ಇಡುತ್ತಿದ್ದವಳು ಅವಳೇ.

"ಮಮ್ಮಾ." ನಿಶ್ಮಿತಾ ಹಾಲಿನ ನಡುವೆ ನಿಂತಿದ್ದಳು, ಕೈಯಲ್ಲಿ ಉಸಿರಿನ ಪಂಪು. ಮುಚ್ಚಿಕೊಳ್ಳೆಂದ ಬಾಗಿಲನ್ನು ಅವಳು ಮುಚ್ಚಿಕೊಂಡಿರಲಿಲ್ಲ. "ವೋ ರೈಸ್ ಅಪ್ನಾ ಹೈ ನಾ? ತೇರೇ ಡಬ್ಬೇ ವಾಲಾ."

ಆ ಅನ್ನ ನಮ್ಮದೇ ಅಲ್ಲವಾ, ನಿನ್ನ ಡಬ್ಬದ್ದೇ ಅಲ್ಲವಾ ಎಂದು ಕೇಳುತ್ತಿದ್ದ ಮಗಳ ಕೈಯ ಪಂಪನ್ನೇ ಜ್ಯೋತ್ಸ್ನಾ ನೋಡಿದಳು.

"ಅಜ್ಜೀ ಕೇ ಲಿಯೇ ಡಾಲತೀ ಥೀ ತೂ?"

"ನಿನಗೋಸ್ಕರ," ಎಂದಳು. ಬಾಯಿಗೆ ಬಂದದ್ದೇ ಅದು.

"ಮೇರೇ ಲಿಯೇ?" ಹುಡುಗಿ ಅಮ್ಮನ ಮುಖವನ್ನೇ ನೋಡಿದಳು, ಇದು ತಮಾಷೆಯೋ ಎಂದು. ಅಮ್ಮ ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ಅವಳಿಗೆ ನಗು ಬಂತು. ತಡೆಯಲಾರದ ನಗು. ನಗು ಕೆಮ್ಮಾಯಿತು, ಕೆಮ್ಮು ಸೀಟಿಯಾಯಿತು, ಗೋಡೆಗೆ ಒರಗಿ ಪಂಪನ್ನು ಬಾಯಿಗಿಟ್ಟು ಎಳೆದಳು. ಜ್ಯೋತ್ಸ್ನಾ ಹತ್ತಿರ ಹೋಗಿ ಬೆನ್ನಿಗೆ ಕೈ ಹಾಕಿದಳು. ಹುಡುಗಿ ಆ ಕೈಯನ್ನು ತಳ್ಳಲಿಲ್ಲ. ಭುಜವನ್ನು ಮಾತ್ರ ಸ್ವಲ್ಪ ಆಚೆ ಮಾಡಿದಳು, ಕೈ ತಾನಾಗಿ ಜಾರುವಷ್ಟು. ಮಾಮಿ ಬಟ್ಟಲನ್ನು ಸರಿಸಿದ್ದೂ ಹೀಗೇ. ದೂಡಿರಲಿಲ್ಲ, ಎರಡು ಬೆರಳಲ್ಲಿ ಆಚೆ ಮಾಡಿದ್ದರು. ಈ ಹುಡುಗಿ ಅದನ್ನು ಯಾವಾಗ ಕಲಿತಳು? ಯಾರೂ ಯಾರಿಗೂ ಕಲಿಸುವುದಿಲ್ಲ ಇದನ್ನೆಲ್ಲ. ಉಸಿರು ಹದಕ್ಕೆ ಬಂದ ಮೇಲೆ ನಿಶ್ಮಿತಾ ಸೋಫಾದ ಮೇಲೆ ಕಾಲು ಮಡಿಸಿ ಕುಳಿತು ಫೋನು ತೆಗೆದುಕೊಂಡಳು.

ಜ್ಯೋತ್ಸ್ನಾ ಕೋಣೆಗೆ ಮರಳಿದಾಗ ಸಜ್ಜ ಒದ್ದೆಯಾಗಿ, ಸಿಮೆಂಟಿನ ನಿಜವಾದ ಬಣ್ಣಕ್ಕೆ ಬಂದಿತ್ತು. ಸೈದಪ್ಪ ಏಸಿಯ ಹಿಂದಿನಿಂದ ಕಡ್ಡಿ, ತಂತಿ, ಪ್ಲಾಸ್ಟಿಕ್ಕಿನ ಚೂರುಗಳ ಒಂದು ಗೂಡನ್ನು ಎಳೆದು ಚೀಲಕ್ಕೆ ತುಂಬುತ್ತಿದ್ದ. ತತ್ತಿ ಇರಲಿಲ್ಲ, ಅಷ್ಟು ಪುಣ್ಯ. ಅವಳು ಕಿಟಕಿಯ ಒಳಗಿನ ಅಂಚನ್ನು, ಚೌಕಟ್ಟನ್ನು, ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಬಟ್ಟೆ ಹಿಂಡಿದಾಗೆಲ್ಲ ಬಾಲ್ದಿಯ ನೀರು ಕರಿಯಾಯಿತು. ಇಷ್ಟು ದಿನ ಹಾಸಿಗೆಯ ಹುಳ, ಗೋಡೆಯ ಬೂಸ್ಟು, ಸಿಂಕಿನ ಜಿರಲೆ ಎಂದು ಒರೆಸಿ ಒರೆಸಿ ದಣಿದ ಕೈಗಳು. ಆ ಒರೆಸುವುದೆಲ್ಲ ಈ ಒಂದು ಸಜ್ಜವನ್ನು ಉಳಿಸಿಕೊಳ್ಳಲಿಕ್ಕೆ ಮಾಡಿದ್ದೇ ಎಂಬ ಯೋಚನೆ ಬಂತು. ಬಂದು ಹೋಗಲಿಲ್ಲ. "ಅಕ್ಕಾರ, ಬಲಿ ಗಟ್ಟಿ ಐತ್ರಿ," ಎಂದ ಸೈದಪ್ಪ, ಅಡುಗೆಮನೆಯ ಕಿಟಕಿಯವರೆಗೂ ಕೊಕ್ಕೆಗಳಿಗೆ ನೈಲಾನನ್ನು ಎಳೆದು ಬಿಗಿಯುತ್ತ. "ಪಾರಿವಾಳ ಅಲ್ಲ, ಕಾಗಿ ಗುಬ್ಬಿನೂ ಒಳಗ ಬರಂಗಿಲ್ಲ." ಸರಿ ಎಂದಳು. ಅವನಿಗೆ ಚಹಾ ಮಾಡಿಕೊಟ್ಟಳು. ಅವನು ಹಗ್ಗ ಸುತ್ತಿಕೊಂಡು ಹೊರಟ.

ಸರ್ವೋತ್ತಮ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಅವನು ಸಿಂಕಿನಲ್ಲಿ ಕೈ ತೊಳೆದು, ಒರೆಸಿಕೊಂಡು, ಸ್ಟೂಲು ಎಳೆದು ಕುಳಿತ.

"ಮೇಲೆ ಹೋಗಿದ್ದೆ," ಎಂದ.

"ಜಗಳ ಮಾಡಿದ್ರಾ?"

"ಎಂತ ಜಗಳ? ನಾನೇ ಹಾಕ್ತಿದ್ದದ್ದು, ತಪ್ಪಾಯ್ತು ಅಂತ ಹೇಳಿ ಬಂದೆ."

ಅವಳು ತಲೆ ಎತ್ತಿದಳು. "ನಂಬಿದ್ರಾ ಅವರು?"

"ಇಲ್ಲ. ಆ ಹೊತ್ತಿಗೆ ನೀನು ಮಲಗಿರ್ತೀಯಲ್ಲ, ತುಮ್ ತೋ ಸೋತಾ ಹೈ ಅಂದ್ರು." ಅವನ ತುಟಿಯ ಒಂದು ಬದಿ ಅಲುಗಿತು. "ಅವರಿಗೆ ಮೊದಲೇ ಗೊತ್ತಿತ್ತು ಜ್ಯೋತ್ಸ್ನಾ. ಮೇಲಿನಿಂದ ಸಜ್ಜ ಕಾಣ್ತದಲ್ಲ. ದಿನಾ ನಿನ್ನ ಕೈ ಕಾಣ್ತಿತ್ತಂತೆ. ಬಾಗಿಬೆನ್ ಕಾ ಚಾವಲ್ ಅಂದ್ರು, ಅಮ್ಮನ ಅನ್ನ ಅಂತ."

"ಮತ್ತೆ ಯಾಕೆ ಹೇಳ್ಲಿಲ್ಲ ಸೆಕ್ರೆಟರಿಗೆ?"

"ಕೇಳಿದೆ. ಹೇಳಿದ್ರೆ ನಿಲ್ಲಿಸ್ತಿದ್ದಳಾ ಅಂತ ನನ್ನನ್ನೇ ಕೇಳಿದ್ರು."

ಅವಳು ಕುಳಿತಲ್ಲೇ ಕಾಲು ಮಡಿಸಿಕೊಂಡಳು. ಬಯ್ಯುತ್ತಾನೆ ಈಗ, ಬಯ್ಯಲಿ, ಬೈದರೆ ಎದ್ದು ಕೆಲಸ ಮಾಡಬಹುದು ಎಂದು ಕಾದಳು. ಸರ್ವೋತ್ತಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡಿದ, ಮತ್ತೆ ಮುಚ್ಚಿದ. ಕಿಟಕಿಯ ಕಡೆ ನೋಡಿದ. ಬೆನ್ನು ಅವಳ ಕಡೆಗಿತ್ತು.

"ಒಂದು ದಿನ ಆದರೂ ಕಾಗೆ ಬಂದಿತ್ತಾ?"

ಇಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅಂದು ಖಾಡಿಯ ದಂಡೆಯಲ್ಲಿ ಒದ್ದೆ ಪಂಚೆಯಲ್ಲಿ ನಿಂತವನು ಯಾಕೆ ಏನೂ ಕೂಗಿ ಹೇಳಲಿಲ್ಲ ಎಂದು ಅವಳು ಎಂದೂ ಕೇಳಿರಲಿಲ್ಲ. ತನ್ನ ಆದಿತ್ಯವಾರವೊಂದೇ ಅಲ್ಲಿ ಇದ್ದದ್ದು ಎಂದುಕೊಂಡಿದ್ದಳು. ಬಂದಿತ್ತು ಎಂದುಬಿಡಬಹುದು. ಒಂದು ಸಲ, ಮಳೆಗಾಲದಲ್ಲಿ, ನೀವು ಮಲಗಿದ್ದಿರಿ. ಸುಲಭ. ಆ ಭುಜಗಳು ಕೆಳಗಿಳಿದಾವು. ಡಾಕ್ಟರಿಗೆ ಹೇಳಿದಷ್ಟೇ ಸುಲಭ. ಆದರೆ ಅವಳಿಗೆ ದಣಿವಾಗಿತ್ತು. ಇನ್ನೊಂದನ್ನು ಹೊತ್ತು ನಿಲ್ಲುವುದು ಆಗುವ ಹಾಗಿರಲಿಲ್ಲ.

"ಇಲ್ಲ," ಎಂದಳು. "ಒಂದು ದಿನವೂ ಇಲ್ಲ."

ಅವನು ತಲೆಯಾಡಿಸಿದ. "ಅಮ್ಮ ಇಷ್ಟು ಮೇಲೆ ಬರುವವಳಲ್ಲ," ಎಂದ. "ಲಿಫ್ಟೇ ಆಗ್ತಿರ್ಲಿಲ್ಲ ಅವಳಿಗೆ." ಆಮೇಲೆ, "ಬಡಿಸು. ತಿಂದು ಹೋಗ್ತೇನೆ."

ಮೂರು ಬಟ್ಟಲಿಗೆ ಗಂಜಿ ಬಡಿಸಿದಳು. ನಿಶ್ಮಿತಾ ಬಟ್ಟಲು ನೋಡಿ, "ಯೇ ತೋ ಪೇಶಂಟ್ ಫುಡ್ ಹೈ," ಎಂದು ಮುಖ ಕಿವುಚಿದಳು. ಉಪ್ಪಿನಕಾಯಿ ಕೇಳಿದಳು. ತಿಂದಳು, ಅಮ್ಮನ ಕಡೆ ನೋಡದೆ. ಸರ್ವೋತ್ತಮ ತಿಂದು, ಬಟ್ಟಲು ತೊಳೆದಿಟ್ಟು ಹೋಟೆಲಿಗೆ ಹೋದ. ಹುಡುಗಿ ಕೋಣೆಗೆ ಹೋಗಿ ಮಲಗಿದಳು. ಹಾಸಿಗೆಯ ಚೀಲ ಚರಚರ ಎಂದಿತು, ಸುಮ್ಮನಾಯಿತು. ಧೂಳು ಪೂರಾ ಹೋಗಲಿಕ್ಕೆ ತಿಂಗಳುಗಳೇ ಬೇಕು ಎಂದು ಡಾಕ್ಟರು ಹೇಳಿದ್ದರು. ತೆಗೆದ ಮೇಲೂ ಅದು ಮನೆಯಲ್ಲೇ ಇರುತ್ತದೆ, ಎದೆಯಲ್ಲೂ.

ಜ್ಯೋತ್ಸ್ನಾ ಪಾತ್ರೆಯ ತಳದಲ್ಲಿ ಉಳಿದ ಒಂದು ಹಿಡಿಯನ್ನು ಅಭ್ಯಾಸದಿಂದ ಅಂಗೈಗೆ ತೆಗೆದುಕೊಂಡು ಕಿಟಕಿಯವರೆಗೆ ಹೋದಳು. ಬಲೆ ಬೆಳಕಿಗೆ ಹೊಳೆಯುತ್ತಿತ್ತು. ಅದರ ಆಚೆ, ಹಿಡಿದುಕೊಳ್ಳಲು ಜಾಗವಿಲ್ಲದೆ, ಒಂದು ಪಾರಿವಾಳ ಗಾಳಿಯಲ್ಲಿ ರೆಕ್ಕೆ ಬಡಿದು ನೋಡಿ, ಕೆಳಗೆ ರಸ್ತೆಯ ಕಡೆಗೆ ಜಾರಿಹೋಯಿತು. ಅವಳು ಆ ಅನ್ನವನ್ನು ನಿಂತಲ್ಲೇ ಬಾಯಿಗೆ ಹಾಕಿಕೊಂಡು ಜಗಿದಳು. ಉಪ್ಪಿರಲಿಲ್ಲ. ಗೋಡೆಯ ಆಚೆಯಿಂದ ಸದ್ದು ಬಂತು. ಗುರ್ ಎಂದು ಎಳೆಯಿತು, ತಡೆಯಿತು, ಮತ್ತೆ ಎಳೆಯಿತು. ಅದು ಯಾವುದರದ್ದು ಎಂದು ಇನ್ನು ಕೇಳಿಕೊಳ್ಳುವ ಹಾಗಿರಲಿಲ್ಲ. ಅವಳು ಕೈ ತೊಳೆದುಕೊಂಡು ಆ ಕೋಣೆಯ ಕಡೆ ನಡೆದಳು.